ಒಂದೇ ಕಣ, ಎರಡು ಚಿತ್ರ: ಎಂಆರ್‌ಐಗೂ ಕಾಣುವ ಕ್ವಾಂಟಮ್ ಡಾಟ್

ಒಬ್ಬರ ಮೆದುಳಿನಲ್ಲಿ ಗೆಡ್ಡೆ ಇದೆ ಅಂತ ಎಂಆರ್‌ಐ ಸ್ಕ್ಯಾನ್‌ನಲ್ಲಿ ಗೊತ್ತಾಯ್ತು ಅಂದುಕೊಳ್ಳೋಣ. ಚಿತ್ರದಲ್ಲಿ ಅದರ ಜಾಗ, ಗಾತ್ರ ಎಲ್ಲ ಕಾಣುತ್ತದೆ. ಆದರೆ ಆಪರೇಷನ್‌ಗೆ ತಲೆಬುರುಡೆ ತೆರೆದಾಗ ಒಳಗಿನ ದ್ರವ ಹೊರಬಂದು ಮೆದುಳು ಕೆಲವು ಮಿಲಿಮೀಟರ್ ಜರುಗಬಹುದು. ಮೊದಲೇ ತೆಗೆದ ಚಿತ್ರ ಆಗ ಸರಿಯಾಗಿ ಹೊಂದುವುದಿಲ್ಲ. ಗೆಡ್ಡೆ ಎಲ್ಲಿ ಮುಗಿಯಿತು ಅನ್ನೋದು ಬರಿಗಣ್ಣಿಗೆ ಸುಲಭವಾಗಿ ತಿಳಿಯೋದೂ ಇಲ್ಲ. ಸ್ವಲ್ಪ ಬಿಟ್ಟರೆ ಮತ್ತೆ ಬೆಳೆಯುತ್ತೆ, ಸ್ವಲ್ಪ ಹೆಚ್ಚು ತೆಗೆದರೆ ಮಾತೋ ಕೈಕಾಲಿನ ಚಲನೆಯೋ ಹೋಗಬಹುದು.

ಎಂಆರ್‌ಐಯಲ್ಲಿ ಕಂಡ ಅದೇ ಗೆಡ್ಡೆ ಆಪರೇಷನ್ ಟೇಬಲ್ ಮೇಲೆ ಬಣ್ಣದ ಬೆಳಕಿನಲ್ಲಿ ಹೊಳೆದರೆ? ಅದಕ್ಕೆ ಎರಡೂ ಕಡೆ ಕಾಣುವ ಒಂದೇ ಕಣ ಬೇಕು. ಅಂಥ ಕಣವನ್ನು ಹೇಗೆ ಕಟ್ಟುತ್ತಾರೆ, ಅದರಲ್ಲಿರುವ ತೊಡಕೇನು ಅಂತ ನೋಡೋಣ.

ಮೊದಲು ಬೆಳಕಿನ ಭಾಗ. ಕ್ವಾಂಟಮ್ ಡಾಟ್ ಅಂದರೆ ಸುಮಾರು 2ರಿಂದ 10 ನ್ಯಾನೋಮೀಟರ್ ಅಳತೆಯ ಅರೆವಾಹಕ ಹರಳು. ಫಿಸಿಕ್ಸ್ ಕ್ಲಾಸಿನಲ್ಲಿ ನಾವು ಬಿಡಿಸಿದ 'ಪಾರ್ಟಿಕಲ್ ಇನ್ ಎ ಬಾಕ್ಸ್' ಲೆಕ್ಕವೇ ಇಲ್ಲಿಯೂ ಇದೆ. ವೀಣೆಯ ತಂತಿಯ ಉದ್ದ ಕಡಿಮೆಯಾದಷ್ಟೂ ಶ್ರುತಿ ಏರುವ ಹಾಗೆ, ಡಬ್ಬಿ ಚಿಕ್ಕದಾದಷ್ಟೂ ಎಲೆಕ್ಟ್ರಾನಿನ ಶಕ್ತಿಮಟ್ಟಗಳ ನಡುವಿನ ಅಂತರ ಹೆಚ್ಚುತ್ತದೆ. ಹಾಗಾಗಿ ಕ್ಯಾಡ್ಮಿಯಂ ಸೆಲೆನೈಡ್‌ನ 2 ನ್ಯಾನೋಮೀಟರ್ ಕಣ ನೀಲಿಯ ಕಡೆಗೆ, 6 ನ್ಯಾನೋಮೀಟರ್ ಕಣ ಕೆಂಪಿನ ಕಡೆಗೆ ಹೊಳೆಯುತ್ತದೆ. ಈ ಕಣಗಳ ಶೋಧ ಮತ್ತು ತಯಾರಿಕೆಗಾಗಿಯೇ ಮೌಂಗಿ ಬವೆಂಡಿ, ಲೂಯಿಸ್ ಬ್ರೂಸ್, ಅಲೆಕ್ಸಿ ಎಕಿಮೋವ್ ಅವರಿಗೆ 2023ರ ರಸಾಯನಶಾಸ್ತ್ರ ನೊಬೆಲ್ ಬಂತು.

ಇನ್ನು ಎಂಆರ್‌ಐ. ಅದು ನೋಡುವುದು ಮುಖ್ಯವಾಗಿ ನೀರಿನ ಹೈಡ್ರೋಜನ್ ಪ್ರೋಟಾನುಗಳನ್ನು. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ತರಂಗ ಕೊಟ್ಟರೆ ಅವು ಕದಲುತ್ತವೆ, ಆಮೇಲೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳುವ ಈ ಕಾಲಕ್ಕೆ ಟಿ1 ಅಂತ ಹೆಸರು. ಗ್ಯಾಡೋಲಿನಿಯಂ ಅಯಾನಿನಲ್ಲಿ ಜೊತೆಯಿಲ್ಲದ 7 ಎಲೆಕ್ಟ್ರಾನುಗಳಿರುವುದರಿಂದ, ಅದರ ಹತ್ತಿರ ಬಂದ ನೀರಿನ ಟಿ1 ಕಡಿಮೆಯಾಗಿ ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ.

ಎಂಆರ್‌ಐಗೆ ದೇಹದ ಯಾವ ಆಳವೂ ಅಡ್ಡಿಯಲ್ಲ, ಆದರೆ ಕಾಂಟ್ರಾಸ್ಟ್ ವಸ್ತು ಸಾಕಷ್ಟು ಬೇಕು. ಪ್ರತಿದೀಪ್ತಿಗೆ, ಅಂದರೆ ಫ್ಲೋರೆಸೆನ್ಸ್‌ಗೆ, ತೀರಾ ಕಡಿಮೆ ವಸ್ತು ಸಾಕು, ಆದರೆ ಬೆಳಕು ಅಂಗಾಂಶದಲ್ಲಿ ಚದುರಿ ಹೋಗುವುದರಿಂದ ಆಳ ಸಿಗುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಾಗಾದರೆ ಗ್ಯಾಡೋಲಿನಿಯಂ ಅನ್ನು ಡಾಟ್‌ನ ಒಳಗೇ ತುಂಬಿಬಿಟ್ಟರೆ ಆಯ್ತಲ್ಲ? ಅಷ್ಟು ಸುಲಭವಿಲ್ಲ. ಹರಳಿನ ಒಳಗೆ ಕೂತ ಅಯಾನಿನ ಹತ್ತಿರ ನೀರು ಸುಳಿಯುವುದಿಲ್ಲ, ಜೊತೆಗೆ ಪರಕೀಯ ಅಯಾನು ಹರಳಿನ ಬೆಳಕನ್ನೇ ಕುಗ್ಗಿಸಬಹುದು. ಬೆಳಕು ಹುಟ್ಟಬೇಕಾದ್ದು ಒಳಗೆ, ಕಾಂತದ ಕೆಲಸ ನಡೆಯಬೇಕಾದ್ದು ಹೊರಗೆ.

2006ರಲ್ಲಿ ನೆದರ್ಲೆಂಡ್ಸ್‌ನ ಐಂದ್‌ಹೋವನ್‌ನ ವಿಲ್ಲೆಮ್ ಮಲ್ಡರ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಅವರು ಡಾಟ್‌ನ ಸುತ್ತ ಕೊಬ್ಬಿನಂಥ ಲಿಪಿಡ್ ಅಣುಗಳ ಹೊದಿಕೆ ಹಾಕಿ, ಅದರಲ್ಲಿ ಗ್ಯಾಡೋಲಿನಿಯಂ ಹೊತ್ತ ಲಿಪಿಡ್‌ಗಳನ್ನೂ ಸೇರಿಸಿದರು. ಮೇಲೆ ಆರ್‌ಜಿಡಿ ಎಂಬ ಪೆಪ್ಟೈಡ್ ಅಂಟಿಸಿದರು. ಗೆಡ್ಡೆಗೆ ಹೊಸದಾಗಿ ಬೆಳೆಯುವ ರಕ್ತನಾಳದ ಕೋಶಗಳನ್ನು ಅದು ಹಿಡಿಯುತ್ತದೆ. ಬೆಳೆಸಿದ ಕೋಶಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದೊಂದು ಡಾಟ್‌ಗೆ ಸಿಕ್ಕ ರಿಲ್ಯಾಕ್ಸಿವಿಟಿ, ಮಿಲಿಮೋಲಾರ್ ಮತ್ತು ಸೆಕೆಂಡಿನ ಮಾನದಲ್ಲಿ, ಹತ್ತಿರ ಹತ್ತಿರ 2000. ಆಸ್ಪತ್ರೆಯಲ್ಲಿ ಬಳಸುವ ಸಾಮಾನ್ಯ ಗ್ಯಾಡೋಲಿನಿಯಂ ಔಷಧಕ್ಕೆ ಇದು ಸುಮಾರು 4.

ಈಗ ನಾವೇ ಒಂದು ಲೆಕ್ಕ ಹಾಕೋಣ. ರಿಲ್ಯಾಕ್ಸಿವಿಟಿಯನ್ನು ಸಾಂದ್ರತೆಯಿಂದ ಗುಣಿಸಿದರೆ, ಪ್ರೋಟಾನುಗಳು ಮರಳುವ ದರ ಎಷ್ಟು ಹೆಚ್ಚಿತು ಅಂತ ಸಿಗುತ್ತದೆ. ದರ ಸೆಕೆಂಡಿಗೆ 1ರಷ್ಟು ಏರಬೇಕು ಅಂತಿಟ್ಟುಕೊಳ್ಳಿ. ಸಾಮಾನ್ಯ ಔಷಧ 1/4, ಅಂದರೆ 0.25 ಮಿಲಿಮೋಲಾರ್ ಬೇಕು. ಡಾಟ್ ಆದರೆ 1/2000, ಅಂದರೆ 0.5 ಮೈಕ್ರೋಮೋಲಾರ್ ಸಾಕು. 500 ಪಟ್ಟು ಉಳಿತಾಯ!

ಆದರೆ ಇಲ್ಲೇ ನಿಲ್ಲಬೇಡಿ. ಬೆಳಕಿನ ಚಿತ್ರಕ್ಕೆ 1 ನ್ಯಾನೋಮೋಲಾರ್ ಆಸುಪಾಸು ಇದ್ದರೂ ನಡೆಯುತ್ತೆ. ಎಂಆರ್‌ಐಗೋಸ್ಕರ ಅದರ 500 ಪಟ್ಟು ಕೊಡಬೇಕಾಗುತ್ತದೆ. 4 ನ್ಯಾನೋಮೀಟರ್ ವ್ಯಾಸದ ಒಂದು ಡಾಟ್‌ನಲ್ಲಿ ಸುಮಾರು 600 ಕ್ಯಾಡ್ಮಿಯಂ ಪರಮಾಣುಗಳಿರುತ್ತವೆ. 0.5 ಮೈಕ್ರೋಮೋಲಾರ್ ಡಾಟ್ ಅಂದರೆ 300 ಮೈಕ್ರೋಮೋಲಾರ್ ಕ್ಯಾಡ್ಮಿಯಂ, ಲೀಟರಿಗೆ ಸುಮಾರು 34 ಮಿಲಿಗ್ರಾಂ. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ವಿಷ ಅನ್ನೋದು ನಮಗೆಲ್ಲ ಗೊತ್ತು.

ಸತು ಸಲ್ಫೈಡ್‌ನ ಕವಚ ಹಾಕಿದರೆ ಕ್ಯಾಡ್ಮಿಯಂ ಸೋರುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಮೂತ್ರದಲ್ಲಿ ಹೊರಹೋಗಲು ಕಣ ಹೊದಿಕೆಯೂ ಸೇರಿ ಸುಮಾರು 5.5 ನ್ಯಾನೋಮೀಟರ್ ಒಳಗಿರಬೇಕು. ಲಿಪಿಡ್ ಹೊದಿಕೆ ಹಾಕಿದ ಕಣ ಆ ಮಿತಿ ದಾಟುತ್ತದೆ, ದೇಹದಲ್ಲೇ ಉಳಿಯುತ್ತದೆ. ಅದಕ್ಕೇ ಇಂಡಿಯಂ ಫಾಸ್ಫೈಡ್, ತಾಮ್ರ-ಇಂಡಿಯಂ ಸಲ್ಫೈಡ್‌ನಂಥ ಕ್ಯಾಡ್ಮಿಯಂ ಇಲ್ಲದ ಡಾಟ್‌ಗಳತ್ತ ಸಂಶೋಧನೆ ಹೊರಳಿದೆ.

ಒಟ್ಟಿನಲ್ಲಿ, ಎರಡು ಯಂತ್ರಕ್ಕೂ ಕಾಣುವ ಕಣ ಕಟ್ಟುವುದು ಸಾಧ್ಯ ಅಂತ ಸಿದ್ಧವಾಗಿದೆ. ಕಷ್ಟ ಇರೋದು ಪ್ರಮಾಣದಲ್ಲಿ: ಎಂಆರ್‌ಐ ಕೇಳುವಷ್ಟು ಕೊಟ್ಟರೂ ರೋಗಿಗೆ ತೊಂದರೆಯಾಗಬಾರದು.

ಕೊನೆಗೆ ನಿಮಗೊಂದು ಲೆಕ್ಕ. ಡಾಟ್‌ನ ವ್ಯಾಸವನ್ನು 3 ನ್ಯಾನೋಮೀಟರ್‌ಗೆ ಇಳಿಸಿದರೆ ಕ್ಯಾಡ್ಮಿಯಂ ಎಷ್ಟು ಕಡಿಮೆಯಾಗುತ್ತದೆ? ಆಗ ಹೊಳೆಯುವ ಬಣ್ಣ ಯಾವ ಕಡೆ ಸರಿಯುತ್ತದೆ, ಆ ಬೆಳಕು ಅಂಗಾಂಶ ದಾಟಿ ಬಂದೀತೇ? ಬಿಡಿಸಿ ನೋಡಿ. ಒಂದು ಕಡೆ ಗೆದ್ದದ್ದನ್ನು ಇನ್ನೊಂದು ಕಡೆ ಬಿಟ್ಟುಕೊಡಬೇಕಾಗುತ್ತದೆ ಅನ್ನೋದು ನಿಮ್ಮ ನೋಟ್‌ಬುಕ್ಕಿನಲ್ಲೇ ಕಾಣುತ್ತೆ.