ಪರ್ಫಾರ್ಮೆನ್ಸ್ ಪ್ಯಾಕೇಜ್ ಕೊಳ್ಳುವ ಮುನ್ನ

2015ರ ಫೋರ್ಡ್ ಮಸ್ಟಾಂಗ್ ಜಿಟಿಗೆ ಅಮೆರಿಕದಲ್ಲಿ ಕಂಪನಿಯೇ ಕೊಡುತ್ತಿದ್ದ ಪರ್ಫಾರ್ಮೆನ್ಸ್ ಪ್ಯಾಕೇಜ್ ಎಂಜಿನ್ನಿನ ಬಲವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಪ್ಯಾಕೇಜ್ ಇದ್ದರೂ ಇಲ್ಲದಿದ್ದರೂ 5 ಲೀಟರಿನ ವಿ8 ಎಂಜಿನ್ 435 ಅಶ್ವಶಕ್ತಿಯದೇ. ಹೆಚ್ಚಿನ ದುಡ್ಡು ಹೋಗುವುದು ಕಾರನ್ನು ನಿಲ್ಲಿಸಲು, ತಂಪಾಗಿಡಲು, ತಿರುವಿನಲ್ಲಿ ಹಿಡಿದಿಡಲು: ಮುಂದಿನ ಚಕ್ರಗಳಿಗೆ ಆರು ಪಿಸ್ಟನ್ನಿನ ಬ್ರೆಂಬೊ ಬ್ರೇಕು, ದೊಡ್ಡ ರೇಡಿಯೇಟರ್, ಬಿಗಿ ಸ್ಪ್ರಿಂಗು, 19 ಅಂಗುಲದ ಚಕ್ರ, ಮ್ಯಾನುಯಲ್ ಗೇರಿನ ಕಾರಿಗೆ ಟಾರ್ಸನ್ ಡಿಫರೆನ್ಷಿಯಲ್.

ರೇಸ್ ಟ್ರ್ಯಾಕಿಗೆ ಇಳಿಯುವ ಆಸೆಯುಳ್ಳವರು ಹಿಂದೆಮುಂದೆ ನೋಡದೆ ಕೊಳ್ಳಬಹುದು. ಸುತ್ತು ಸುತ್ತಿಗೂ ಜೋರಾಗಿ ಒತ್ತಿದಾಗ ಸಾಧಾರಣ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದು ಜೀವದ ಪ್ರಶ್ನೆ. ಇದೇ ಭಾಗಗಳನ್ನು ಆಮೇಲೆ ಬಿಡಿಬಿಡಿಯಾಗಿ ಹಾಕಿಸಲು ಹೊರಟರೆ ಖರ್ಚು ಏರುತ್ತದೆ, ಎಲ್ಲವೂ ಒಂದಕ್ಕೊಂದು ಹೊಂದುವ ಭರವಸೆಯೂ ಇರದು.

ದಿನವೂ ಆಫೀಸಿಗೆ ಹೋಗಿಬರಲಷ್ಟೇ ಕಾರು ಬೇಕಾದವರಿಗೆ ಇದರಿಂದ ದಕ್ಕುವುದು ಕಡಿಮೆ. ಬಿಗಿ ಸ್ಪ್ರಿಂಗಿನಿಂದ ಕೆಟ್ಟ ರಸ್ತೆಯ ಕುಲುಕಾಟ ಸೊಂಟಕ್ಕೇ ತಟ್ಟುತ್ತದೆ. ಟೈರಿನ ವಿಷಯವನ್ನಂತೂ ಮರೆಯಲೇಬಾರದು: ಪ್ಯಾಕೇಜಿನೊಂದಿಗೆ ಬರುವ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ, ಒಣ ರಸ್ತೆಯಲ್ಲೂ ಹಿಡಿತ ಸಡಿಲಿಸುತ್ತದೆ. ಹಿಮದಲ್ಲಿ ಆ ಟೈರಿನೊಂದಿಗೆ ಕಾರು ಓಡಿಸುವುದೇ ಅಪಾಯ. ಚಳಿ ಹೆಚ್ಚಿರುವ ಊರಿನವರು ಚಳಿಗಾಲದ ನಾಲ್ಕು ಟೈರುಗಳ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.