ತನ್ನ ಮನೆಗೆ ತಾನೇ ಅತಿಥಿ

ವಿದ್ಯಾರ್ಥಿಗಳೇ, ‘ಅತಿಥಿ ಪಾತ್ರ’ ಎಂಬ ಮಾತನ್ನು ನೀವು ಕೇಳಿರಬಹುದು. ಚಲನಚಿತ್ರದಲ್ಲಿ ಸ್ವಲ್ಪ ಹೊತ್ತು ಬಂದು ಹೋಗುವ ಪಾತ್ರಕ್ಕೆ ಆ ಹೆಸರು. ಆದರೆ ಚಿತ್ರದ ನಿರ್ದೇಶಕರೇ ಹಾಗೆ ಬಂದು ಹೋದರೆ? ಮನೆಯ ಯಜಮಾನನೇ ಅತಿಥಿಯಾಗಿ ಬಂದಂತೆ ಅಲ್ಲವೇ?

ಇದಕ್ಕೆ ಹೆಸರಾದವರು ಲಂಡನ್ನಿನಲ್ಲಿ ಹುಟ್ಟಿದ ಆಲ್ಫ್ರೆಡ್ ಹಿಚ್‌ಕಾಕ್ (1899-1980). ತಮ್ಮ ಸುಮಾರು 40 ಚಿತ್ರಗಳಲ್ಲಿ ಅವರು ಕ್ಷಣಕಾಲ ಕಾಣಿಸಿಕೊಂಡಿದ್ದಾರೆ. 1927ರ ‘ದಿ ಲಾಡ್ಜರ್’ ಎಂಬ ಮೂಕಿಚಿತ್ರದಲ್ಲಿ ಇದು ಶುರುವಾಯಿತು. ಪತ್ರಿಕಾ ಕಚೇರಿಯ ದೃಶ್ಯಕ್ಕೆ ಜನ ಸಾಲದಾದಾಗ ಅವರೇ ಕ್ಯಾಮೆರಾಕ್ಕೆ ಬೆನ್ನು ಮಾಡಿ ಒಂದು ಮೇಜಿನ ಮುಂದೆ ಕುಳಿತರು. ಅಗತ್ಯಕ್ಕೆಂದು ಮಾಡಿದ್ದು ಕ್ರಮೇಣ ಒಂದು ತಮಾಷೆಯಾಯಿತು.

1944ರ ‘ಲೈಫ್‌ಬೋಟ್’ ಚಿತ್ರದ ಕಥೆಯೆಲ್ಲ ನಡೆಯುವುದು ನಡುಸಮುದ್ರದ ದೋಣಿಯಲ್ಲಿ. ದಾರಿಹೋಕನಾಗಿ ಬರೋಣವೆಂದರೆ ಅಲ್ಲಿ ದಾರಿಯೇ ಇಲ್ಲ! ಆಗ ಹಿಚ್‌ಕಾಕ್ ಏನು ಮಾಡಿದರು ಗೊತ್ತೇ? ದೋಣಿಯಲ್ಲಿದ್ದವನೊಬ್ಬ ಓದುವ ಪತ್ರಿಕೆಯಲ್ಲಿ, ತೂಕ ಇಳಿಸುವ ಔಷಧಿಯ ಜಾಹೀರಾತಿನ ಚಿತ್ರವಾಗಿ ಬಂದರು. ದಪ್ಪಗಿದ್ದಾಗಿನ ಚಿತ್ರ ಒಂದು, ತೆಳ್ಳಗಾದ ಮೇಲಿನ ಚಿತ್ರ ಇನ್ನೊಂದು. ಅವರು ತೂಕ ಇಳಿಸಿದ್ದು ನಿಜ, ಔಷಧಿ ಮಾತ್ರ ಕಲ್ಪನೆ.

ಆದರೆ ಈ ತಮಾಷೆಯಿಂದ ಒಂದು ತೊಂದರೆಯೂ ಆಯಿತು. ‘ಹಿಚ್‌ಕಾಕ್ ಎಲ್ಲಿ ಬರುತ್ತಾರೆ?’ ಎಂದು ಹುಡುಕುತ್ತಾ ಕುಳಿತ ಪ್ರೇಕ್ಷಕರ ಗಮನ ಕಥೆಯಿಂದ ಆಚೆ ಸರಿಯತೊಡಗಿತು. ಅದಕ್ಕಾಗಿಯೇ ಅವರು ಚಿತ್ರದ ಮೊದಲ ನಿಮಿಷಗಳಲ್ಲೇ ಮುಖ ತೋರಿಸಿ ಸರಿದುಬಿಡುವುದನ್ನು ರೂಢಿಸಿಕೊಂಡರು. 1963ರ ‘ದಿ ಬರ್ಡ್ಸ್’ ಆರಂಭದಲ್ಲೇ ಸಾಕುಪ್ರಾಣಿಗಳ ಅಂಗಡಿಯಿಂದ ತಮ್ಮದೇ ಎರಡು ನಾಯಿಗಳನ್ನು ಹಿಡಿದು ಹೊರಬರುತ್ತಾರೆ. ಅಷ್ಟೇ. ಆಮೇಲೆ ಕಥೆಯದೇ ರಾಜ್ಯ.

ನಮ್ಮ ವಚನಕಾರರನ್ನೂ ದಾಸರನ್ನೂ ಇಲ್ಲಿ ನೆನೆಯಬಹುದು. ಬಸವಣ್ಣನವರ ‘ಕೂಡಲಸಂಗಮದೇವ’, ಪುರಂದರದಾಸರ ‘ಪುರಂದರ ವಿಠಲ’ ಎಂಬ ಅಂಕಿತಗಳು ಸಾಮಾನ್ಯವಾಗಿ ರಚನೆಯ ಕೊನೆಯಲ್ಲಿ ಬರುತ್ತವೆ. ಬರೆದವರು ಯಾರೆಂದು ಅವುಗಳಿಂದ ತಿಳಿಯುತ್ತದೆ. ಆದರೂ ಅಲ್ಲಿರುವುದು ಕವಿಯ ಹೆಸರಲ್ಲ, ಆತನ ಇಷ್ಟದೈವದ ಹೆಸರು. ಹಿಚ್‌ಕಾಕ್ ಅವರ ಗುರುತು ಮೊದಲಿಗೆ, ಇವರ ಗುರುತು ಕೊನೆಗೆ. ಕೃತಿಗೆ ಅಡ್ಡವಾಗಿ ಯಾರೂ ನಿಲ್ಲಲಿಲ್ಲ.

ಮಕ್ಕಳೇ, ಪ್ರಬಂಧ ಬರೆಯುವಾಗಲೂ ಇದು ನೆನಪಿರಲಿ. ‘ನಾನು’ ಎಂಬ ಪದ ಬರಬಾರದೆಂದಲ್ಲ. ಆದರೆ ಸಾಲುಸಾಲಿಗೂ ‘ನಾನು, ನಾನು’ ಎಂದರೆ ವಿಷಯಕ್ಕೆ ಜಾಗವೆಲ್ಲಿ? ಅತಿಥಿಯಂತೆ ಬನ್ನಿ, ಹೇಳಬೇಕಾದ್ದನ್ನು ಹೇಳಿ, ವಿಷಯಕ್ಕೆ ದಾರಿ ಬಿಡಿ. ವೇದಿಕೆಯ ಮೇಲೆ ನಿಂತ ಮಗುವಿನ ಹಾಡನ್ನು ಮೊದಲು ಆಲಿಸಿ, ಫೋಟೋ ಆಮೇಲೆ ತೆಗೆಯೋಣ ಎನ್ನುವ ಪೋಷಕರಿಗೂ ಈ ಮಾತಿನ ಅರ್ಥ ಗೊತ್ತು.

ಅಭ್ಯಾಸ
1. ‘ಅಂಕಿತ’ ಎಂದರೇನು? ಪಾಠದಲ್ಲಿ ಬರದ ಇನ್ನೊಂದು ಅಂಕಿತವನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ.
2. ಹಿಚ್‌ಕಾಕ್ ಚಿತ್ರದ ಆರಂಭದಲ್ಲೇ ಕಾಣಿಸಿಕೊಳ್ಳತೊಡಗಿದ್ದೇಕೆ?
3. ‘ನನ್ನ ಅಜ್ಜಿ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಿರಿ. ‘ನಾನು’ ಎಂಬ ಪದ ಒಂದೇ ಸಲ ಬರಲಿ.