ಕಾಫಿ ತೋಟದ ಅಂಗನವಾಡಿಯೂ ಲೈನ್ ಮನೆಯ ಮಕ್ಕಳೂ

ಸಂಸ್ಕೃತಿಗೆ ಸ್ಪಂದಿಸುವ ಬೋಧನೆ ಎಂದರೆ ಮಗುವಿನ ಮನೆಮಾತು, ಊಟದ ರೂಢಿ, ಹಬ್ಬಹರಿದಿನ, ತಾಯಿ ಕರೆಯುವ ಹೆಸರು ಇವುಗಳನ್ನು ಕಲಿಕೆಗೆ ತೊಡಕೆಂದು ಬದಿಗಿಡದೆ ಅವುಗಳಿಂದಲೇ ಕಲಿಕೆಯನ್ನು ಆರಂಭಿಸುವ ಕ್ರಮ. ಬೇರೆ ಮಾತಿನ, ಬೇರೆ ಜಾತಿಯ, ಅಂಗವೈಕಲ್ಯವುಳ್ಳ ಮಕ್ಕಳನ್ನೆಲ್ಲ ಒಂದೇ ಚಾಪೆಯ ಮೇಲೆ ಕೂರಿಸಿ, ಆಟದಲ್ಲೂ ಪಾಠದಲ್ಲೂ ಎಲ್ಲರಿಗೂ ಪಾಲು ಸಿಗುವಂತೆ ನೋಡಿಕೊಳ್ಳುವುದು ಒಳಗೊಳ್ಳುವಿಕೆ. ಎಳೆಯ ಮಕ್ಕಳೊಂದಿಗೆ ಅವರ ಮನೆಮಾತಿನಲ್ಲೇ ವ್ಯವಹರಿಸಬೇಕೆಂದು 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೇಳುತ್ತದೆ, 2020ರ ಶಿಕ್ಷಣ ನೀತಿಯೂ ಅದನ್ನೇ ಅನುಮೋದಿಸುತ್ತದೆ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳ ನಡುವಿನ ಅಂಗನವಾಡಿಯೊಂದರಲ್ಲಿ ಕನ್ನಡ, ತುಳು, ತಮಿಳು, ಲಂಬಾಣಿ ಮಾತಿನ ಮಕ್ಕಳು ಮೊದಲೇ ಇರುತ್ತಾರೆ; ಅರೇಬಿಕಾ ಹಣ್ಣು ಕುಯ್ಯುವ ಕಾಲಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳ ಮಕ್ಕಳು ಬಂದು ಸೇರಿಕೊಂಡು, ರೋಬಸ್ಟಾ ಮುಗಿಯುತ್ತಿದ್ದಂತೆ ಗಂಟುಮೂಟೆಯೊಂದಿಗೆ ಹೊರಟುಹೋಗುತ್ತಾರೆ. ಇವರಲ್ಲಿ ಯಾರ ಮನೆಮಾತು ಎಂಬ ಪ್ರಶ್ನೆಗೆ ನೀತಿಯ ಪುಟಗಳಲ್ಲಿ ಸ್ಪಷ್ಟ ಉತ್ತರವಿಲ್ಲ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯು 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ, ಇಲ್ಲವೇ ಅವರ ಮಕ್ಕಳ ಸಂಖ್ಯೆ 20 ಮುಟ್ಟುವ ತೋಟದಲ್ಲಿ ಶಿಶುವಿಹಾರವನ್ನು ಮಾಲೀಕರೇ ನಡೆಸಬೇಕೆಂದು ವಿಧಿಸಿತ್ತು. ಗುತ್ತಿಗೆದಾರನ ಮೂಲಕ ಬಂದ ಹೆಂಗಸರೂ ಈ ಲೆಕ್ಕಕ್ಕೆ ಸೇರುತ್ತಾರೆಂದು ಕಾಯ್ದೆಯಲ್ಲೇ ಇತ್ತಾದರೂ ತೋಟದ ಆಫೀಸುಗಳಲ್ಲಿ ಆ ವಾಕ್ಯವನ್ನು ಓದಿದವರು ಕಡಿಮೆಯಿದ್ದರು. ಸಣ್ಣ ಹಿಡುವಳಿಗಳಂತೂ ಈ ಲೆಕ್ಕದಿಂದ ಹೊರಗೇ ಉಳಿದವು. ಹೀಗಾಗಿ ಹೊರೆಯೆಲ್ಲ ಬಿದ್ದದ್ದು 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳ ಮೇಲೆ. ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿ ಕೇಳಿದರೆ ಅಂಗನವಾಡಿ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ಆದೇಶಿಸಿತು. ಆದರೆ ಕೊಯ್ಲಿಗೆ ಬಂದವರು ತಾವು ಯಾವ ಊರಿನವರೆಂದು ಹೇಳಿಕೊಂಡು ಅದನ್ನು ಕೇಳಬೇಕು ಎಂಬುದೇ ಇತ್ಯರ್ಥವಾಗುವುದಿಲ್ಲ.

ಈ ಲೇಖನಕ್ಕೆ ಆಧಾರವಾದದ್ದು ಕಳಸದ ಕಡೆಯ ಒಂದು ಕೇಂದ್ರದಲ್ಲಿ ಲೇಖಕಿ ಕಾರ್ಯಕರ್ತೆಯಾಗಿದ್ದಾಗಿನ ಅನುಭವ. ಕೊಯ್ಲಿನ ಕುಟುಂಬವೊಂದರ ಮೂರು ವರ್ಷದ ಗಂಡುಮಗು ಕೇಂದ್ರಕ್ಕೆ ಬಂದಾಗ ಅದರ ಹೆಸರು ದಾಖಲಾದದ್ದು ತೋಟದ ಲೆಕ್ಕ ಬರೆಯುವ ರೈಟರು, ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಪಟ್ಟಿಯಲ್ಲಿ, ಕರೆಯಲು ಸುಲಭವೆಂದು, ತಾವೇ ಗೀಚಿಕೊಂಡಿದ್ದ ಎರಡಕ್ಷರದ ರೂಪದಲ್ಲಿ. ತಾಯಿ ಬೇರೆ ಹೆಸರಿನಿಂದ ಕರೆಯುವುದನ್ನು ಕೇಳಿದ ಕಾರ್ಯಕರ್ತೆ ತಿದ್ದುಪಡಿಗೆ ಮೇಲ್ವಿಚಾರಕಿಯನ್ನು ಕೇಳಿಕೊಂಡಿದ್ದಳು. “ಕೊಯ್ಲು ಮುಗಿದ ಮೇಲೆ ಹೋಗೋ ಮಕ್ಕಳಿಗೆ ಯಾಕಮ್ಮ ಇಷ್ಟೆಲ್ಲ, ಇರೋ ಹೆಸರಲ್ಲೇ ನಡೆಸಿ” ಎಂಬ ಉತ್ತರ ಬಂದಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ, ಮಕ್ಕಳ ತೂಕದ ವಿವರವನ್ನು ಸಂಜೆಯೊಳಗೆ ಮೊಬೈಲಿಗೆ ತುಂಬಿಸಲೇಬೇಕೆಂದು ಅದೇ ಮೇಲ್ವಿಚಾರಕಿಯಿಂದ ಫೋನು ಬಂದ ಕಾರಣ, ಕಾರ್ಯಕರ್ತೆ ನೆಟ್‌ವರ್ಕ್ ಸಿಗುವ ರಸ್ತೆಯ ತಿರುವಿಗೆ ಹೋಗಿದ್ದಳು. ಸಹಾಯಕಿ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಳು. ಮಲಗಿದ್ದ ಮಕ್ಕಳ ನಡುವೆ ಒಂದು ಜಾಗ ಖಾಲಿಯಾಗಿರುವುದು ಕಂಡಾಗ ಹಿಂದಿನ ತಡಮೆ ಸರಿದಿತ್ತು. ಆಚೆಗೆ ರೋಬಸ್ಟಾ ತೋಟ. ಕೆಳಗೆ ಸ್ಪ್ರಿಂಕ್ಲರಿಗೆ ನೀರು ನಿಲ್ಲಿಸಿದ ಕೆರೆ. ಕೆಲದಿನಗಳ ಹಿಂದಷ್ಟೇ ಪಕ್ಕದ ತೋಟಕ್ಕೆ ಆನೆ ನುಗ್ಗಿತ್ತು. ತೋಟದ ಮೇಸ್ತ್ರಿ ಒಂದು ಮಾತೂ ಆಡದೆ ಬಿದಿರಿನ ಗಳ ಹಿಡಿದು ನೇರ ಕೆರೆಯ ಕಡೆ ನಡೆದದ್ದನ್ನು ಕಂಡು ಸಹಾಯಕಿ ಅಲ್ಲೇ ಕುಸಿದಳು. ಹತ್ತಾರು ಜನ ಗಿಡಸಾಲುಗಳಲ್ಲಿ ಹರಡಿಕೊಂಡು ದಾಖಲೆಯ ಆ ಎರಡಕ್ಷರವನ್ನು ಗಂಟಲು ಬಿಚ್ಚಿ ಕೂಗಿದರು. ಬಿಸಿಲು ಗುಡ್ಡದ ಆಚೆ ಸರಿಯುವವರೆಗೂ ಕೂಗಿದರು. ಮೇಲಿನ ಬ್ಲಾಕಿನಿಂದ, ಸೊಂಟಕ್ಕೆ ಕಟ್ಟಿದ ಚೀಲದಿಂದ ಹಣ್ಣು ಚೆಲ್ಲಿಕೊಂಡೇ ಓಡಿಬಂದ ತಾಯಿ, ತನ್ನ ಬಾಯಿಯ ಹೆಸರಿನಿಂದ ಒಮ್ಮೆ ಕರೆದಳು. ಜನ ಅದುವರೆಗೆ ಹಾದುಹೋಗುತ್ತಿದ್ದ ಚರಂಡಿಯ ಆಚೆ ಬದಿಯ ಗಿಡದ ಬುಡದಿಂದ ಮಗು ಎದ್ದು ನಿಂತಿತು. ಅಂಗೈಯಲ್ಲಿ ಅರೆಹಣ್ಣಾದ ಕಾಫಿ, ಗಲ್ಲದ ತುಂಬ ಅದರ ರಸ. ಗೊತ್ತಿಲ್ಲದ ಜನ ಗೊತ್ತಿಲ್ಲದ ಮಾತಿನಲ್ಲಿ ಯಾರನ್ನೋ ಬಯ್ಯುತ್ತಿದ್ದಾರೆಂದು ಅದು ಅಡಗಿ ಕೂತಿತ್ತೆಂಬುದು ತಾಯಿಯ ಹರುಕುಮುರುಕು ಹಿಂದಿಯಿಂದ ತಿಳಿಯಿತು.

ಮಾರನೆಯ ವಾರ ಕಾರ್ಯಕರ್ತೆಗೆ ನಿರ್ಲಕ್ಷ್ಯದ ಆರೋಪದ ನೋಟಿಸು ಬಂತು. ಆ ನೋಟಿಸಿನಲ್ಲೂ ಮಗುವಿನ ಹೆಸರು ಆ ಎರಡಕ್ಷರವೇ ಆಗಿತ್ತು. ಫೋನು ಮಾಡಿ ಅವಸರಪಡಿಸಿದ ವಿಷಯಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಇಂಥ ಕೇಂದ್ರಗಳಲ್ಲಿ ಏನು ಮಾಡಬಹುದೆಂಬುದಕ್ಕೆ ಹಳೆಯ ಮೇಲ್ಪಂಕ್ತಿ ಇದೆ. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣ ಕೇಂದ್ರ ತೆರೆದು, ಶಾಲೆಗೆ ಬಾರದ ಮಕ್ಕಳ ಕೇರಿಯ ಅಂಗಳಕ್ಕೇ ಪಾಠವನ್ನು ಒಯ್ದರು. ಮುಂದೆ ಅನುತಾಯಿ ವಾಘ್ ಅವರೊಡನೆ ಕೋಸಬಾಡದಲ್ಲಿ ದನ ಕಾಯುವ ವಾರ್ಲಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ತೋಟದ ಕೆಲಸ ಬೆಳಗಿನ ಎಂಟಕ್ಕೇ ಶುರುವಾಗಿ ಕೇಂದ್ರದ ಬಾಗಿಲು ಒಂಬತ್ತೂವರೆಗೆ ತೆರೆಯುವ ಕಡೆ, ಕೊಯ್ಲಿನ ತಿಂಗಳುಗಳಲ್ಲಾದರೂ ಬಾಗಿಲನ್ನು ಬೇಗ ತೆರೆಯಬೇಕೆಂಬುದು ಇದರಿಂದ ಹೊಳೆಯುವ ಮೊದಲ ಪಾಠ. ಆ ಘಟನೆಯ ನಂತರ ಆ ಕೇಂದ್ರದಲ್ಲಿ ನಡೆದದ್ದು ಇನ್ನೂ ಚಿಕ್ಕದು. ಪ್ರತಿ ಮಗುವಿನ ತಾಯಿಯಿಂದ ನೀರು, ಹಸಿವು, ಒಂದಕ್ಕೆ, ಅಮ್ಮ ಎಂಬ ಮಾತುಗಳನ್ನು ಕೇಳಿ ಗೋಡೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಲಾಯಿತು. ಅಂಗನವಾಡಿ ಪಠ್ಯಕ್ರಮವಾದ ‘ಚಿಲಿಪಿಲಿ’ಯ ಬಣ್ಣ, ಎಣಿಕೆಯ ಚಟುವಟಿಕೆಗಳಿಗೆ ಕಾಫಿಹಣ್ಣು, ಮೆಣಸಿನ ಕಾಳು, ಸಿಲ್ವರ್ ಮರದ ಎಲೆ ಬಂದವು. ಅನ್ನಕ್ಕೆ ಸಾಂಬಾರು ಕಲಸಿದರೆ ತಟ್ಟೆ ದೂಡುತ್ತಿದ್ದ ಮಕ್ಕಳಿಗೆ ಎರಡನ್ನೂ ಬೇರೆಬೇರೆ ಬಡಿಸಿದ್ದರಿಂದ ತಟ್ಟೆಗಳು ಖಾಲಿಯಾಗತೊಡಗಿದವು. ಸ್ಥಳೀಯ ಮಕ್ಕಳು ಹಿಂದೆಬೀಳುತ್ತಾರೆಂದು ಕೆಲವು ಪೋಷಕರು ಆಕ್ಷೇಪಿಸಿದರು. ಅಂಥದ್ದೇನೂ ಆಗಲಿಲ್ಲ, ಅವರ ಮಕ್ಕಳೇ ದುಭಾಷಿಗಳಾದರು.

ಕೊಯ್ಲಿಗೆ ಜನರನ್ನು ಕರೆಸುವ ತೋಟದ ಮಾಲೀಕರು ಅಕ್ಟೋಬರಿನಲ್ಲೇ ಎಷ್ಟು ಕುಟುಂಬ, ಎಷ್ಟು ಮಕ್ಕಳು ಎಂಬುದನ್ನು ಹತ್ತಿರದ ಅಂಗನವಾಡಿಗೆ ತಿಳಿಸಬೇಕು. ಆ ಕುಟುಂಬಗಳು ಬಂದಿಳಿದ ದಿನ ಮಕ್ಕಳ ಹೆಸರನ್ನು ರೈಟರ ಅನುಕೂಲಕ್ಕಲ್ಲದೆ ತಾಯಿಯ ಬಾಯಲ್ಲಿ ಕೇಳಿದಂತೆ ಬರೆಸಬೇಕು. ಆ ಹೆಸರನ್ನು ದಾಖಲೆಯಲ್ಲಿ ತಿದ್ದುವ ಅಧಿಕಾರವನ್ನು ಇಲಾಖೆಯು ಕಾರ್ಯಕರ್ತೆಗೇ ಕೊಡಬೇಕು.